ಆಕಾಶಕ್ಕೆ ಏಣಿ ಹಾಕಿದ ಮೇಷ್ಟ್ರು: ಪ್ರೊ. ಸತೀಶ್ ಧವನ್

ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ ಕ್ರಾಫರ್ಡ್ ಗುಡ್ಡದ ಮೇಲೆ ದೊಡ್ಡ ಕಹಳೆಯ ಆಕಾರದ ಆಂಟೆನಾ ಒಂದಿದೆ. 1960ರ ಆಗಸ್ಟ್‌ನಲ್ಲಿ ಹಾರಿಬಿಟ್ಟ ಎಕೋ ಎಂಬ ಉಪಗ್ರಹ ನೂರು ಅಡಿ ಅಗಲದ ಹೊಳೆಯುವ ಬಲೂನು. ಅದಕ್ಕೆ ತಗುಲಿ ಮರಳಿ ಬರುವ ರೇಡಿಯೋ ಅಲೆಗಳನ್ನು ಹಿಡಿಯಲೆಂದು ಬೆಲ್ ಪ್ರಯೋಗಾಲಯದವರು ಈ ಆಂಟೆನಾವನ್ನು ಕಟ್ಟಿದರು. ನಮ್ಮ ಕೂಟದ ಎಷ್ಟೋ ಕುಟುಂಬಗಳು ಆ ಸುತ್ತಮುತ್ತಲೇ ಇದ್ದರೂ ಅದನ್ನು ನೋಡಿ ಬಂದವರು ಕಡಿಮೆ. ನಾವೂ ಇಷ್ಟು ವರ್ಷ ನೋಡಿರಲಿಲ್ಲ. ಕಳೆದ ಬೇಸಿಗೆಯಲ್ಲಿ ಹೈಸ್ಕೂಲಿನಲ್ಲಿ ಓದುವ ಮಗಳನ್ನು ಕರೆದುಕೊಂಡು ಹೋದೆವು. ಅವಳು ತಲೆಯೆತ್ತಿ ಆಕಾಶ ನೋಡುತ್ತಾ, ಉಪಗ್ರಹ ಕೆಳಕ್ಕೆ ಏಕೆ ಬೀಳುವುದಿಲ್ಲ ಅಪ್ಪ ಎಂದು ಕೇಳಿದಳು. ಅಷ್ಟು ಎತ್ತರದಲ್ಲಿ ಗುರುತ್ವಾಕರ್ಷಣೆ ಇರುವುದಿಲ್ಲ ಎಂದುಬಿಟ್ಟೆವು. ಮನೆಗೆ ಬಂದ ಮೇಲೆ ಅವಳ ಪಠ್ಯಪುಸ್ತಕವೇ ನಮ್ಮ ಉತ್ತರ ತಪ್ಪೆಂದು ತೋರಿಸಿತು. ಎಂ.ಬಿ.ಬಿ.ಎಸ್., ರೆಸಿಡೆನ್ಸಿ ಎಂದು ವರ್ಷಗಟ್ಟಲೆ ಓದಿದ ನಮ್ಮ ಭೌತಶಾಸ್ತ್ರ ಪಿ.ಯು.ಸಿ.ಗೇ ನಿಂತುಹೋಗಿತ್ತು.

ಆ ತಪ್ಪನ್ನು ತಿದ್ದಿಕೊಳ್ಳಲು ಪುಸ್ತಕಗಳನ್ನು ತಿರುವಿ ಹಾಕುವಾಗ ನಮಗೆ ಸಿಕ್ಕಿದ್ದು ಪ್ರೊ. ಸತೀಶ್ ಧವನ್ ಅವರ ಬದುಕು. ಬೆಂಗಳೂರು ಬಾಹ್ಯಾಕಾಶದ ಊರಾಗಲು ಕಾರಣರಾದ ಈ ಮೇಷ್ಟ್ರನ್ನು ಇಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಪರಿಚಯಿಸೋಣ ಎಂದು ಈ ಬರಹ.

ಧವನ್ ಹುಟ್ಟಿನಿಂದ ಕನ್ನಡಿಗರಲ್ಲ. 1920ರ ಸೆಪ್ಟೆಂಬರ್ 25ರಂದು ಶ್ರೀನಗರದಲ್ಲಿ ಜನಿಸಿ, ಲಾಹೋರಿನಲ್ಲಿ ಓದಿದರು. ಗಣಿತ ಮತ್ತು ಭೌತಶಾಸ್ತ್ರದಲ್ಲಿ ಬಿ.ಎ., ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ., ಅದರ ಮೇಲೆ 1945ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ. ಮಗು ಎಂಟನೆಯ ತರಗತಿಗೆ ಬರುವ ಮೊದಲೇ ಡಾಕ್ಟರೋ ಎಂಜಿನಿಯರೋ ಎಂದು ಗೊತ್ತು ಮಾಡಿಬಿಡುವ ನಮ್ಮಂಥ ತಂದೆತಾಯಂದಿರು ಈ ಪಟ್ಟಿಯನ್ನು ಎರಡು ಸಲ ಓದಬೇಕು. ಓದು ಮುಗಿದ ಮೇಲೆ ಕೆಲಕಾಲ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ಅಲ್ಲಿಂದ ಹಡಗು ಹತ್ತಿದ್ದು ಅಮೆರಿಕಕ್ಕೆ. 1947ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಿಂದ ವಿಮಾನ ಶಾಸ್ತ್ರದಲ್ಲಿ ಮಾಸ್ಟರ್ಸ್ ಪದವಿ ಪಡೆದರು. ಅದೇ ವರ್ಷ ದೇಶ ಇಬ್ಭಾಗವಾಯಿತು. ಓದಿದ ಲಾಹೋರು ಪರದೇಶವಾಯಿತು.

ಮುಂದೆ ಕ್ಯಾಲಿಫೋರ್ನಿಯದ ಕ್ಯಾಲ್‌ಟೆಕ್‌ನಲ್ಲಿ ಹಾನ್ಸ್ ಲೀಪ್‌ಮನ್ ಎಂಬ ಹೆಸರಾಂತ ಪ್ರಾಧ್ಯಾಪಕರ ಶಿಷ್ಯರಾದರು. ವೇಗವಾಗಿ ಹರಿಯುವ ಗಾಳಿ ಮೇಲ್ಮೈಯನ್ನು ಎಷ್ಟು ಬಲದಿಂದ ಉಜ್ಜುತ್ತದೆ ಎಂಬುದನ್ನು ಲೆಕ್ಕದಿಂದ ಊಹಿಸದೆ ನೇರವಾಗಿ ಅಳೆಯುವುದು ಅವರ ಸಂಶೋಧನೆ. ಮೇಲ್ಮೈಯ ಒಂದು ಚಿಕ್ಕ ತುಂಡನ್ನು ಕದಲುವಂತೆ ಕೂರಿಸಿ, ಗಾಳಿ ಅದನ್ನು ಎಷ್ಟು ತಳ್ಳುತ್ತದೆಂದು ನೋಡುವ ನಾಜೂಕಿನ ಉಪಕರಣವನ್ನು ಅವರೇ ರೂಪಿಸಿದರು. 1951ರಲ್ಲಿ ಡಾಕ್ಟರೇಟ್ ಬಂತು. ಆಗ ಅಮೆರಿಕದ ವಿಮಾನ ಉದ್ಯಮ ಏರುಮುಖದಲ್ಲಿತ್ತು. ಅಂಥ ಗುರುವಿನ ಶಿಷ್ಯನಿಗೆ ಇಲ್ಲಿ ಕೆಲಸಕ್ಕೆ ಕೊರತೆ ಇರಲಿಲ್ಲ. ಆದರೂ ಅದೇ ವರ್ಷ ಧವನ್ ಬೆಂಗಳೂರಿಗೆ ಹಿಂತಿರುಗಿ, ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು.

ಅಲ್ಲಿ ಕ್ಯಾಲ್‌ಟೆಕ್‌ನ ಸೌಕರ್ಯ ಇರಲಿಲ್ಲ. ಇದ್ದುದರಲ್ಲೇ ಶಬ್ದಕ್ಕಿಂತ ವೇಗವಾಗಿ ಗಾಳಿ ಹಾಯಿಸುವ ಸುರಂಗವನ್ನು ವಿದ್ಯಾರ್ಥಿಗಳ ಜೊತೆ ನಿಂತು ಕಟ್ಟಿದರು. 1955ರಲ್ಲಿ ವಿಮಾನ ಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. 1962ರಲ್ಲಿ, ಇನ್ನೂ ನಲವತ್ತೆರಡರ ಹೊಸ್ತಿಲಲ್ಲಿದ್ದಾಗ, ಸಂಸ್ಥೆಯ ನಿರ್ದೇಶಕರಾಗಿ 1981ರವರೆಗೆ ಅದನ್ನು ನಡೆಸಿದರು. ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕೆಂದು ಅಸ್ತ್ರ ಎಂಬ ಘಟಕ ಅಲ್ಲಿ ಹುಟ್ಟಿದ್ದು ಅವರ ಕಾಲದಲ್ಲೇ, 1974ರಲ್ಲಿ. ಊರಿನ ಅಡುಗೆಮನೆಯಲ್ಲಿ ಸೌದೆ ಉಳಿಸುತ್ತಿದ್ದ ಅಸ್ತ್ರ ಒಲೆಯನ್ನು ಕಂಡವರು ನಮ್ಮ ಕೂಟದಲ್ಲೂ ಇರಬಹುದು.

1971ರ ಡಿಸೆಂಬರ್ 30ರಂದು ಭಾರತದ ಬಾಹ್ಯಾಕಾಶ ಕಾರ್ಯಕ್ರಮದ ಜನಕರಾದ ವಿಕ್ರಮ್ ಸಾರಾಭಾಯಿ ಹಠಾತ್ತನೆ ತೀರಿಕೊಂಡರು. ಆಗ ಧವನ್ ಬಿಡುವಿನ ಮೇಲೆ ಮತ್ತೆ ಕ್ಯಾಲ್‌ಟೆಕ್‌ನಲ್ಲಿದ್ದರು. ಪ್ರಧಾನಿ ಇಂದಿರಾ ಗಾಂಧಿಯವರಿಂದ ಕರೆ ಬಂತು. ಒಪ್ಪಿಕೊಂಡರು, ಆದರೆ ಷರತ್ತುಗಳನ್ನು ಮುಂದಿಟ್ಟರು. ಕೈಯಲ್ಲಿದ್ದ ಕೆಲಸ ಮುಗಿಸಿಯೇ ಬರುವುದು, ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿಯೂ ಮುಂದುವರಿಯುವುದು, ಬಾಹ್ಯಾಕಾಶದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರುವುದು. ಎಲ್ಲಕ್ಕೂ ಒಪ್ಪಿಗೆ ಸಿಕ್ಕಿತು. 1972ರ ಸೆಪ್ಟೆಂಬರ್‌ನಲ್ಲಿ ಇಸ್ರೋದ ಹೊಣೆ ಹೊತ್ತರು. ಶ್ರೀನಗರದಲ್ಲಿ ಹುಟ್ಟಿದವರೊಬ್ಬರು ಕ್ಯಾಲಿಫೋರ್ನಿಯದಲ್ಲಿ ಕುಳಿತು ಬೆಂಗಳೂರನ್ನು ಬಿಟ್ಟುಕೊಡಲಾರೆನೆಂದು ಹಟ ಹಿಡಿದುದರಿಂದ ನಮ್ಮ ರಾಜಧಾನಿಗೆ ಈ ಪಟ್ಟ ಬಂತು.

ಇನ್ನು ಮಗಳ ಪ್ರಶ್ನೆಗೆ ಬರೋಣ. ಚಾಮುಂಡಿ ಬೆಟ್ಟದ ಮೇಲೆ ನಿಂತು ಒಂದು ಕಲ್ಲನ್ನು ಅಡ್ಡಡ್ಡಲಾಗಿ ಎಸೆದರೆ ಅದು ಬಾಗುತ್ತಾ ಹೋಗಿ ಸ್ವಲ್ಪ ದೂರದಲ್ಲಿ ಬೀಳುತ್ತದೆ. ಜೋರಾಗಿ ಎಸೆದರೆ ಇನ್ನೂ ದೂರ ಬೀಳುತ್ತದೆ. ಯಾವ ವಸ್ತುವೇ ಆದರೂ ಕೈಬಿಟ್ಟ ಮೊದಲ ಸೆಕೆಂಡಿನಲ್ಲಿ ಸುಮಾರು 5 ಮೀಟರ್ ಕೆಳಗಿಳಿಯುತ್ತದೆ. ಭೂಮಿ ದುಂಡಗಿದೆಯಲ್ಲವೇ? ಪ್ರತಿ 8 ಕಿಲೋಮೀಟರಿಗೆ ನೆಲವೂ ಸುಮಾರು 5 ಮೀಟರ್ ಕೆಳಕ್ಕೆ ಬಾಗುತ್ತದೆ. ಹಾಗಾದರೆ ಸೆಕೆಂಡಿಗೆ 8 ಕಿಲೋಮೀಟರ್ ವೇಗದಲ್ಲಿ ಕಲ್ಲನ್ನು ಎಸೆಯಬಲ್ಲೆವಾದರೆ, ಗಾಳಿಯ ತಡೆಯೂ ಇಲ್ಲದಿದ್ದರೆ, ಅದು 5 ಮೀಟರ್ ಬೀಳುವಷ್ಟರಲ್ಲಿ ನೆಲವೂ ಅಷ್ಟೇ ಕೆಳಗೆ ಸರಿದಿರುತ್ತದೆ. ಬೀಳುತ್ತಲೇ ಇರುತ್ತದೆ, ನೆಲ ಮಾತ್ರ ಸಿಗುವುದಿಲ್ಲ. ಹೀಗೆ ಎಡೆಬಿಡದೆ ಬೀಳುತ್ತಾ ಭೂಮಿಯನ್ನು ಸುತ್ತುವುದೇ ಉಪಗ್ರಹ. ಸುಮಾರು ಮುನ್ನೂರೈವತ್ತು ವರ್ಷಗಳ ಹಿಂದೆ ನ್ಯೂಟನ್ ಬೆಟ್ಟದ ತುದಿಯಲ್ಲಿ ಫಿರಂಗಿ ಇಟ್ಟಂತೆ ಕಲ್ಪಿಸಿಕೊಂಡು ವಿವರಿಸಿದ್ದು ಇದನ್ನೇ.

300 ಕಿಲೋಮೀಟರ್ ಎತ್ತರದಲ್ಲಿ ಗುರುತ್ವಾಕರ್ಷಣೆ ಇಲ್ಲವಾಗುವುದಿಲ್ಲ, ನೆಲದ ಮೇಲಿನದರ ನೂರಕ್ಕೆ ತೊಂಬತ್ತೊಂದರಷ್ಟು ಉಳಿದಿರುತ್ತದೆ. ಗಗನಯಾತ್ರಿಗಳು ತೇಲುವುದು ಅವರೂ ಅವರ ನೌಕೆಯೂ ಒಟ್ಟಿಗೆ ಬೀಳುತ್ತಿರುವುದರಿಂದ. ಆದ್ದರಿಂದ ರಾಕೆಟ್ಟಿನ ಕೆಲಸ ಎರಡು ಬಗೆಯದು: ಗಾಳಿಯ ಕಾಟ ತಪ್ಪಿಸಲು ಮೇಲೆ ಒಯ್ಯುವುದು, ಬಿದ್ದರೂ ನೆಲ ಸಿಗದಷ್ಟು ಅಡ್ಡವೇಗ ಕೊಡುವುದು. ಎರಡನೆಯದೇ ಹೆಚ್ಚು ಕಷ್ಟ. ಶ್ರೀಹರಿಕೋಟೆಯನ್ನು ಪೂರ್ವ ಕರಾವಳಿಯಲ್ಲಿ ಆರಿಸಿದ್ದಕ್ಕೂ ಇದೇ ಕಾರಣ. ಭೂಮಿ ಪೂರ್ವಕ್ಕೆ ತಿರುಗುವುದರಿಂದ ಅಲ್ಲಿ ಸೆಕೆಂಡಿಗೆ ಸುಮಾರು 450 ಮೀಟರ್ ವೇಗ ಪುಕ್ಕಟೆಯಾಗಿ ಸಿಗುತ್ತದೆ. ಕೆಟ್ಟು ಬಿದ್ದರೂ ಸಮುದ್ರದಲ್ಲಿ ಬೀಳುತ್ತದೆ, ಜನರ ಮೇಲಲ್ಲ.

ಧವನ್ ಬಂದಾಗ ಭಾರತಕ್ಕೆ ಉಪಗ್ರಹವೂ ಇರಲಿಲ್ಲ, ಅದನ್ನು ಒಯ್ಯುವ ರಾಕೆಟ್ಟೂ ಇರಲಿಲ್ಲ. ಉಪಗ್ರಹದ ಕೆಲಸವನ್ನು ಉಡುಪಿ ಬಳಿಯ ಅದಮಾರಿನವರಾದ ಪ್ರೊ. ಯು. ಆರ್. ರಾವ್ ವಹಿಸಿಕೊಂಡರು. ಅವರೂ ಅಮೆರಿಕದಲ್ಲಿ ಕೆಲಸ ಮಾಡಿ ಹಿಂತಿರುಗಿದವರು. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ತಗಡಿನ ಶೆಡ್ಡುಗಳಲ್ಲಿ ಎಳೆಯ ಎಂಜಿನಿಯರುಗಳು ಕಟ್ಟಿದ 360 ಕಿಲೋ ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ಮೇಲೇರಿ ಕಕ್ಷೆ ಸೇರಿತು. ಅದೇ ವರ್ಷ ಆಗಸ್ಟ್‌ನಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು, ಕರ್ನಾಟಕವೂ ಸೇರಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ತೋರಿಸಿದರು. ಬೇಸಾಯ, ಆರೋಗ್ಯ, ಶಾಲಾಪಾಠ ಇವೇ ಅದರ ಮುಖ್ಯ ವಿಷಯಗಳು.

ನಮ್ಮದೇ ರಾಕೆಟ್ಟು ಎಸ್‌ಎಲ್‌ವಿ-3. ನಾಲ್ಕು ಹಂತ, ಸುಮಾರು 17 ಟನ್ ತೂಕ. ಅದರ ಯೋಜನಾ ನಿರ್ದೇಶಕರು ಮುಂದೆ ರಾಷ್ಟ್ರಪತಿಗಳಾದ ಡಾ. ಅಬ್ದುಲ್ ಕಲಾಂ. 1979ರ ಆಗಸ್ಟ್ 10ರಂದು ಶ್ರೀಹರಿಕೋಟೆಯಿಂದ ಅದು ಮೊದಲ ಸಲ ಮೇಲೆದ್ದಿತು. ಮೊದಲ ಹಂತ ಸರಿಯಾಗಿ ಉರಿಯಿತು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆ ಕೈಕೊಟ್ಟಿತು. ಬೇಕಾದ ವೇಗ ಬರಲೇ ಇಲ್ಲ. ನೂರಾರು ಜನರ ವರ್ಷಗಳ ದುಡಿಮೆ ಕೆಲವೇ ನಿಮಿಷಗಳಲ್ಲಿ ಬಂಗಾಳ ಕೊಲ್ಲಿಯ ಪಾಲಾಯಿತು.

ಪತ್ರಕರ್ತರು ಕಾದಿದ್ದರು. ಕಲಾಂ ಕುಗ್ಗಿಹೋಗಿದ್ದರು. ಧವನ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾವೇ ಮಾತನಾಡಿದರು. ಸೋಲಿನ ಹೊಣೆ ತಮ್ಮದೆಂದರು, ತಮ್ಮ ಜನರ ಮೇಲೆ ತಮಗೆ ನಂಬಿಕೆಯಿದೆ ಎಂದರು, ಮುಂದಿನ ಸಲ ಗೆಲ್ಲುತ್ತೇವೆ ಎಂದರು. ಯಾರೊಬ್ಬ ಎಂಜಿನಿಯರನನ್ನೂ ಮುಂದೆ ತಳ್ಳಲಿಲ್ಲ. ಒಂದು ವರ್ಷ ಕಳೆಯುವ ಮೊದಲೇ, 1980ರ ಜುಲೈ 18ರಂದು, ಅದೇ ಮಾದರಿಯ ರಾಕೆಟ್ಟು 35 ಕಿಲೋ ತೂಕದ ರೋಹಿಣಿಯನ್ನು ಕಕ್ಷೆಗೆ ಸೇರಿಸಿತು. ಸ್ವಂತ ರಾಕೆಟ್ಟಿನಿಂದ ಸ್ವಂತ ಉಪಗ್ರಹವನ್ನು ಹಾರಿಸಿದ ಕೆಲವೇ ದೇಶಗಳ ಸಾಲಿಗೆ ಭಾರತ ಸೇರಿತು. ಆ ದಿನ ಪತ್ರಕರ್ತರ ಮುಂದೆ ಹೋಗುವಂತೆ ಧವನ್ ಕಲಾಂ ಅವರಿಗೆ ಹೇಳಿ, ತಾವು ಹಿಂದೆ ಸರಿದರು. ಈ ಪ್ರಸಂಗವನ್ನು ಕಲಾಂ ತಮ್ಮ ಕಡೆಗಾಲದವರೆಗೂ ಊರೂರಿನ ಮಕ್ಕಳಿಗೆ ಹೇಳುತ್ತಿದ್ದರು.

ಇದನ್ನು ಓದಿದ ರಾತ್ರಿ ನಮಗೆ ನಿದ್ದೆ ಸರಿಯಾಗಿ ಬರಲಿಲ್ಲ. ರೆಸಿಡೆನ್ಸಿಯ ಕೊನೆಯ ವರ್ಷದ ಒಂದು ಬೆಳಿಗ್ಗೆ ನೆನಪಾಯಿತು. ರೋಗಿಯೊಬ್ಬರ ಚಿಕಿತ್ಸೆಯಲ್ಲಿ ಆದ ತಡವನ್ನು ಕುರಿತು ವೈದ್ಯರ ಸಭೆ ನಡೆದಿತ್ತು. ರಾತ್ರಿ ಪಾಳಿಯಲ್ಲಿ ನಮ್ಮ ಕೈಕೆಳಗಿದ್ದ ಮೊದಲ ವರ್ಷದ ಹುಡುಗ ಎದ್ದು ನಿಂತು ಒಂದೊಂದೇ ಪ್ರಶ್ನೆಗೆ ತಡವರಿಸುತ್ತಾ ಉತ್ತರಿಸುತ್ತಿದ್ದ. ಅವನು ನಮ್ಮನ್ನು ಕೇಳಿಯೇ ಬೆಳಗಿನವರೆಗೆ ಕಾದಿದ್ದ. ಕಾಯೋಣ ಎಂದವರು ನಾವು. ಎದ್ದು ನಿಂತು ಅಷ್ಟು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ರೋಗಿ ಗುಣವಾಗಿ ಮನೆಗೆ ಹೋದರು, ಯಾರ ಕೆಲಸವೂ ಹೋಗಲಿಲ್ಲ. ಆದರೂ ಆ ಹುಡುಗ ಒಮ್ಮೆ ತಿರುಗಿ ನಮ್ಮತ್ತ ನೋಡಿದ ನೋಟ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ಮುಂದಿದ್ದುದು ಹತ್ತು ಜನರ ಸಭೆ. ಧವನ್ ಅವರ ಮುಂದಿದ್ದುದು ಇಡೀ ದೇಶ.

ಮುಂದಿನ ವರ್ಷಗಳಲ್ಲಿ ಕೆಲಸ ಬೆಳೆಯಿತು. 1981ರ ಜೂನ್‌ನಲ್ಲಿ ಆಪಲ್ ಎಂಬ ಸಂಪರ್ಕ ಉಪಗ್ರಹ ಯುರೋಪಿನ ಏರಿಯನ್ ರಾಕೆಟ್ಟಿನ ಮೇಲೆ ಹೋಯಿತು. ಅದರ ಪರೀಕ್ಷೆಗೆ ಲೋಹವಿಲ್ಲದ ಗಾಡಿ ಬೇಕೆಂದು ಎತ್ತಿನ ಗಾಡಿಯ ಮೇಲಿಟ್ಟು ತೆಗೆದ ಚಿತ್ರವನ್ನು ಎಲ್ಲರೂ ನೋಡಿದ್ದೇವೆ. 1983ರ ಆಗಸ್ಟ್‌ನಲ್ಲಿ ಇನ್‌ಸಾಟ್-1ಬಿ ಅಮೆರಿಕದ ಚಾಲೆಂಜರ್ ನೌಕೆಯಲ್ಲಿ ಏರಿತು. ಇಂಥ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ ಸುಮಾರು 35,800 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಅಷ್ಟು ದೂರದಲ್ಲಿ ಸೆಳೆತ ಕಡಿಮೆ, ಆದ್ದರಿಂದ ಸೆಕೆಂಡಿಗೆ 3 ಕಿಲೋಮೀಟರ್ ವೇಗ ಸಾಕು. ಒಂದು ಸುತ್ತಿಗೆ ಭೂಮಿ ಒಮ್ಮೆ ತಿರುಗುವಷ್ಟೇ ಹೊತ್ತು ಹಿಡಿಯುವುದರಿಂದ ಅವು ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುತ್ತವೆ. ನಮ್ಮ ಬಾಲ್ಯದಲ್ಲಿ ಊರಿನ ಒಂದೇ ಮನೆಯ ದೂರದರ್ಶನದ ಮುಂದೆ ಓಣಿಯ ಮಕ್ಕಳೆಲ್ಲ ಸಾಲಾಗಿ ಕುಳಿತು ನೋಡಿದ ಚಿತ್ರಗಳ ಹಿಂದೆ ಹೀಗೆ ನಿಂತಂತೆ ಬೀಳುತ್ತಿದ್ದ ಒಂದು ಉಪಗ್ರಹವಿತ್ತು.

1984ರಲ್ಲಿ ಧವನ್ ಇಸ್ರೋದ ಹೊಣೆಯನ್ನು ಯು. ಆರ್. ರಾವ್ ಅವರಿಗೆ ವಹಿಸಿದರು. ನಿವೃತ್ತಿಯ ಮೇಲೆ ಅವರ ಮನಸ್ಸು ಹೋದದ್ದು ಹಕ್ಕಿಗಳ ಕಡೆಗೆ. ಶ್ರೀಹರಿಕೋಟೆಯ ಪಕ್ಕದ ಪುಲಿಕಾಟ್ ಸರೋವರದಲ್ಲಿ ಇಳಿಯುವ ನೀರುಹಕ್ಕಿಗಳನ್ನು ನೋಡುತ್ತಾ, ಅವು ರೆಕ್ಕೆ ಬಡಿಯುವ ಬಗೆಯನ್ನು ಗಾಳಿಯ ಶಾಸ್ತ್ರದಿಂದ ಬಿಡಿಸುತ್ತಾ, ಹಕ್ಕಿಗಳ ಹಾರಾಟವನ್ನು ಕುರಿತು ಒಂದು ಪುಸ್ತಕ ಬರೆದರು. ತಮ್ಮದೇ ಕೈಬರಹದ ರೇಖಾಚಿತ್ರಗಳನ್ನು ಮಾಡುವ ಅಭ್ಯಾಸವೂ ಅವರಿಗಿತ್ತು. 2002ರ ಜನವರಿ 3ರಂದು ಬೆಂಗಳೂರಿನಲ್ಲಿ ನಿಧನರಾದರು. ಅದೇ ವರ್ಷ ಶ್ರೀಹರಿಕೋಟೆಯ ಕೇಂದ್ರಕ್ಕೆ ಅವರ ಹೆಸರಿಟ್ಟರು. 2023ರಲ್ಲಿ ಚಂದ್ರಯಾನ-3 ಹೊರಟದ್ದು ಆ ಕೇಂದ್ರದಿಂದಲೇ.

ಧವನ್ ಮರಳಿ ಹೋದರು, ನಾವು ಇಲ್ಲೇ ಉಳಿದೆವು. ಇದನ್ನು ನೆನೆದು ಅಪರಾಧಿಗಳಂತೆ ತಲೆ ತಗ್ಗಿಸಬೇಕೆಂದು ನಾವು ಹೇಳುತ್ತಿಲ್ಲ. ಪ್ರತಿಯೊಬ್ಬರ ದಾರಿಗೂ ಅದರದೇ ಕಾರಣಗಳಿರುತ್ತವೆ. ಆದರೆ ಅವರಿಂದ ಕಲಿಯಲು ಬೆಂಗಳೂರಿಗೇ ಹೋಗಬೇಕಾಗಿಲ್ಲ. ಸೋತಾಗ ಮುಂದೆ ನಿಲ್ಲುವುದು, ಗೆದ್ದಾಗ ಕಿರಿಯರನ್ನು ಮುಂದೆ ಬಿಡುವುದು ಎಡಿಸನ್‌ನಲ್ಲೂ ಕ್ವೀನ್ಸ್‌ನಲ್ಲೂ ಸಾಧ್ಯ. ನಮ್ಮ ಕೂಟವೂ ವರ್ಷಕ್ಕೊಮ್ಮೆ ಹಳಬರಿಂದ ಹೊಸಬರ ಕೈಗೆ ಹೋಗುವ ಸಂಸ್ಥೆಯೇ ತಾನೇ.

ಈ ಬರಹ ಮುಗಿಸುವ ಮೊದಲು ಆ ಹಳೆಯ ಕಿರಿಯ ಸಹೋದ್ಯೋಗಿಗೆ ಒಂದು ಕಾಗದ ಬರೆದು, ಆ ರಾತ್ರಿ ಕಾಯೋಣ ಎಂದವರು ನಾವೇ ಎಂದು ಒಪ್ಪಿಕೊಂಡೆವು. ಮಗಳಿಗೂ ನಮ್ಮ ತಪ್ಪನ್ನು ಒಪ್ಪಿಕೊಂಡು, ಉಪಗ್ರಹ ಬೀಳುತ್ತಲೇ ಇರುತ್ತದೆ ಎಂದು ಊಟದ ಮೇಜಿನ ಮೇಲೆ ಕಿತ್ತಳೆ ಹಣ್ಣನ್ನಿಟ್ಟು ತೋರಿಸಿದೆವು. ಅದು ತನಗೆ ಆಗಲೇ ಗೊತ್ತೆಂದು ಅವಳು ನಕ್ಕಳು. ಧವನ್ ಮೇಷ್ಟ್ರ ಕಥೆ ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಅದನ್ನು ಕೊನೆಯವರೆಗೂ ಕುಳಿತು ಕೇಳಿದಳು.