ದಡದಲ್ಲಿ ಕುಳಿತ ಕಡಜ

ಮಕ್ಕಳೇ, ಈ ರಜೆಗೆ ಭಟ್ಕಳಕ್ಕೋ ಹೊನ್ನಾವರಕ್ಕೋ ಕುಮಟೆಗೋ ಅಜ್ಜಿಮನೆಗೆ ಹೋದಾಗ ಒಂದು ದಿನ ಹೆದ್ದಾರಿ 66 ಹಿಡಿದು ಕಾರವಾರಕ್ಕೆ ಹೋಗಿಬನ್ನಿ. ಟಾಗೋರ್ ಕಡಲತೀರದಲ್ಲಿ ಬೂದು ಬಣ್ಣದ ಹಡಗೊಂದು ಕುಳಿತಿದೆ. ಹೆಸರು ಐಎನ್‌ಎಸ್ ಚಪಲ್. ‘ಬಾಯಿ ಚಪಲ’ ಅನ್ನುತ್ತೇವಲ್ಲ, ಅದೇ ಪದ. ಸಂಸ್ಕೃತದಲ್ಲಿ ಅದಕ್ಕೆ ಚುರುಕಾದದ್ದು, ಒಂದೆಡೆ ನಿಲ್ಲದ್ದು ಎಂಬ ಅರ್ಥ. ಅಂಥ ಹೆಸರು ಹೊತ್ತು ನಿಂತೇಬಿಟ್ಟಿದೆ, ಪಾಪ.

ಹಡಗು ಅಂದೆ, ನಿಜಕ್ಕೂ ಅದು ಕ್ಷಿಪಣಿ ದೋಣಿ. ಉದ್ದ 39 ಮೀಟರ್ ಮುಟ್ಟುವುದಿಲ್ಲ. ಶರಾವತಿಯ ಅಳಿವೆ ದಾಟಿ ಮೀನಿಗೆ ಹೋಗುವ ಬೋಟುಗಳನ್ನು ನೋಡಿದ್ದೀರಲ್ಲ, ಇದರ ಓಟ ಬೇರೆಯೇ: ಗಂಟೆಗೆ ಸುಮಾರು 70 ಕಿ.ಮೀ. ಸೋವಿಯತ್ ಒಕ್ಕೂಟ ಕಟ್ಟಿದ ಈ ಜಾತಿಯ ದೋಣಿಗಳನ್ನು ‘ಓಸಾ’ ಎನ್ನುತ್ತಾರೆ. ರಷ್ಯನ್ ಭಾಷೆಯಲ್ಲಿ ಹಾಗೆಂದರೆ ಕಡಜ. ಮೈ ಸಣ್ಣದು, ಕೊಂಡಿ ನಾಲ್ಕು.

1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ, ಡಿಸೆಂಬರ್ 4ರ ರಾತ್ರಿ, ನಮ್ಮ ನೌಕಾಪಡೆಯ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಕಡಜಗಳು ಕರಾಚಿಯತ್ತ ನುಗ್ಗಿ ಪಾಕಿಸ್ತಾನದ ಖೈಬರ್, ಮುಹಾಫಿಜ್ ಹಡಗುಗಳನ್ನು ಮುಳುಗಿಸಿದವು. ಮುಂದಾಳು ಬಬ್ರುಭಾನ್ ಯಾದವ್ ಅವರಿಗೆ ಮಹಾವೀರ ಚಕ್ರ ಬಂತು. ನಾಲ್ಕು ದಿನ ಬಿಟ್ಟು ವಿನಾಶ್ ಎಂಬ ಇನ್ನೊಂದು ಕಡಜ ಹೋಗಿ ಕರಾಚಿಯ ಕೇಮಾರಿಯಲ್ಲಿದ್ದ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿತು. ರಷ್ಯಾದಲ್ಲಿ ತರಬೇತಿ ಪಡೆದಿದ್ದ ನಮ್ಮ ನಾವಿಕರು ರೇಡಿಯೊದಲ್ಲಿ ರಷ್ಯನ್‌ನಲ್ಲೇ ಮಾತಾಡಿಕೊಂಡರಂತೆ, ಕದ್ದು ಕೇಳುವವರಿಗೆ ತಿಳಿಯಬಾರದೆಂದು. ಕನ್ನಡ ಬಾರದ ಊರಿನ ಅಂಗಡಿಯಲ್ಲಿ ಅಮ್ಮ ನಿಮ್ಮನ್ನು ಕನ್ನಡದಲ್ಲಿ ಗದರುವುದಿಲ್ಲವೇ, ಹಾಗೆ. ಡಿಸೆಂಬರ್ 4 ಇಂದಿಗೂ ನೌಕಾಪಡೆಯ ದಿನ.

ಕಾರವಾರದ ಚಪಲ್ಲೇ ಕರಾಚಿಗೆ ಹೋಗಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆ ಹೇಳುವವರು ಬೇಕಾದಷ್ಟಿದ್ದಾರೆ. ಚಪಲ್ ನೌಕಾಪಡೆ ಸೇರಿದ್ದೇ 1976ರಲ್ಲಿ, ಅದು ಆ ದೋಣಿಗಳ ತಂಗಿ. ಗುರುತು ಹಿಡಿಯುವುದು ಸುಲಭ. ಅಕ್ಕಂದಿರ ಕ್ಷಿಪಣಿ ಗೂಡುಗಳು ಚೌಕದ ಪೆಟ್ಟಿಗೆಯಂತಿದ್ದವು. ಚಪಲ್‌ನವು ಪೀಪಾಯಿಯಂತೆ ದುಂಡಗೆ, ಬದಿಗೆ ಎರಡೆರಡು, ಮೂತಿ ಮೇಲೆತ್ತಿ ಕುಳಿತಿವೆ. 2005ರಲ್ಲಿ ಸೇವೆ ಮುಗಿಯಿತು, ಮರುವರ್ಷ ವಸ್ತುಸಂಗ್ರಹಾಲಯವಾಯಿತು. ಒಳಗಿನ ಬಾಗಿಲು ಗಿಡ್ಡ, ಎತ್ತರದ ಅಣ್ಣಂದಿರು ತಲೆ ಬಗ್ಗಿಸಿ.

ಅಜ್ಜಿಮನೆ ಭಟ್ಕಳದಲ್ಲಿದ್ದರೆ ವಾಪಸು ಬರುವಾಗ ಮುರುಡೇಶ್ವರದಲ್ಲಿ ಇಳಿದು ಪಡುವಣಕ್ಕೆ ನೋಡಿ. ಮೋಡವಿಲ್ಲದಿದ್ದರೆ ನೇತ್ರಾಣಿ ದ್ವೀಪ ಕಾಣುತ್ತದೆ. ನೌಕಾಪಡೆಯವರು ಗುಂಡಿನ ಅಭ್ಯಾಸಕ್ಕೆ ಗುರಿಯಿಡುತ್ತಿದ್ದದ್ದು ಅದಕ್ಕೇ. ಈಗ ಅದರ ಬುಡದ ಹವಳದ ನಡುವೆ ಪ್ರವಾಸಿಗರು ಮುಳುಗಿ ಮೀನು ನೋಡುತ್ತಾರೆ.