ಎಣ್ಣೆ ಹನಿ ತಿರುಗಿಸಿದ ಪ್ಲಾಟೋ ಮತ್ತು ಮನೆಯವರ ಕಣ್ಣು

ಭೂಮಿ ಮೇಲೆ ದೊಡ್ಡದೊಂದು ದ್ರವದ ಹನಿಯನ್ನು ಗಾಳಿಯಲ್ಲಿ ನಿಲ್ಲಿಸಿ ಬುಗುರಿ ಥರ ತಿರುಗಿಸೋಕೆ ಹೋದರೆ ಅದು ಕೆಳಗೆ ಬೀಳುತ್ತೆ. ಅದಕ್ಕೇ 1985ರಲ್ಲಿ ಟೇಲರ್ ವಾಂಗ್ ಎಂಬ ವಿಜ್ಞಾನಿ ಚಾಲೆಂಜರ್ ನೌಕೆ ಹತ್ತಿ, ಬಾಹ್ಯಾಕಾಶದಲ್ಲಿ ಹನಿ ತಿರುಗಿಸಿ ನೋಡಿದರು. ಅದಕ್ಕೂ 140 ವರ್ಷ ಮೊದಲೇ ಬೆಲ್ಜಿಯಂನ ಗೆಂಟ್ ಊರಿನ ಮೇಷ್ಟ್ರೊಬ್ಬರು ಇದನ್ನು ಮೇಜಿನ ಮೇಲೇ ಮಾಡಿದ್ದರು. ಹೆಸರು ಜೋಸೆಫ್ ಪ್ಲಾಟೋ. ಗ್ರೀಸಿನ ಪ್ಲೇಟೋ ಬೇರೆ, ಇವರು ಬೇರೆ.

ಹುಟ್ಟಿದ್ದು 1801ರಲ್ಲಿ, ಬ್ರಸೆಲ್ಸ್‌ನಲ್ಲಿ. ಅಪ್ಪ ಹೂವಿನ ಚಿತ್ರ ಬರೆಯುವ ಕಲಾವಿದ. ಹದಿನಾಲ್ಕಕ್ಕೇ ಅಪ್ಪ, ಅಮ್ಮ ಇಬ್ಬರೂ ಇಲ್ಲ. 1832ರಲ್ಲಿ, ತಿರುಗುವ ತಟ್ಟೆಯ ಮೇಲಿನ ಚಿತ್ರಗಳು ಓಡಾಡಿದಂತೆ ಕಾಣುವ ಆಟಿಕೆ ಮಾಡಿದರು. ಇವತ್ತಿನ ರೀಲ್ಸ್‌ಗೆ ಅದು ಮುತ್ತಜ್ಜ. 1835ರಲ್ಲಿ ಗೆಂಟ್‌ನಲ್ಲಿ ಪ್ರೊಫೆಸರ್ ಆದರು.

ಶಿವಮೊಗ್ಗದಲ್ಲಿ ನಾನು ಇಂಜಿನಿಯರಿಂಗ್ ಓದುವಾಗ ಸರ್ಫೇಸ್ ಟೆನ್ಷನ್ ಅಂದ್ರೆ ಒಂದು ಸೂತ್ರ, ಒಂದಿಷ್ಟು ಮಾರ್ಕು, ಅಷ್ಟೇ. ಪ್ಲಾಟೋ ಅದನ್ನು ಕಣ್ಣಿಗೆ ಕಾಣಿಸಿದ ರೀತಿ ಸರಳ. ನೀರಿಗೆ ಆಲ್ಕೊಹಾಲ್ ಬೆರೆಸುತ್ತಾ ಹೋಗಿ, ಅದರ ಸಾಂದ್ರತೆಯನ್ನು ಆಲಿವ್ ಎಣ್ಣೆಗೆ ಸರಿಸಮ ಮಾಡಿದರು. ಆಗ ಎಣ್ಣೆ ಮುಳುಗಲ್ಲ, ಮೇಲೂ ಬರಲ್ಲ. ಗುರುತ್ವ ಮಾಯವಾಗಿಲ್ಲ, ಸುತ್ತಲಿನ ದ್ರವ ಅದನ್ನು ಸರಿದೂಗಿಸಿದೆ. ಉಳಿದದ್ದು ಮೇಲ್ಮೈ ಸೆಳೆತ ಮಾತ್ರ, ಎಣ್ಣೆ ದುಂಡಗಾಗುತ್ತೆ. ಅದರ ನಡುವೆ ಸಣ್ಣ ಬಿಲ್ಲೆ ಇಟ್ಟು, ಸರಳಿನಿಂದ ತಿರುಗಿಸಿದರು. ಮೊದಲು ಉಂಡೆ ಭೂಮಿಯ ಹಾಗೆ ಧ್ರುವದಲ್ಲಿ ಚಪ್ಪಟೆ. ವೇಗ ಹೆಚ್ಚಿದಾಗ ಶನಿಯ ಬಳೆಯಂಥ ಉಂಗುರ. ಅದೂ ಒಡೆದು ಸಣ್ಣ ಉಂಡೆಗಳು. ಹೋಲಿಕೆಯನ್ನು ತೀರಾ ಎಳೆಯೋದು ಬೇಡ: ಗ್ರಹವನ್ನು ಹಿಡಿದಿಡೋದು ಗುರುತ್ವ, ಇಲ್ಲಿ ಮೇಲ್ಮೈ ಸೆಳೆತ, ಜೊತೆಗೆ ಸುತ್ತಲಿನ ದ್ರವವೂ ಎಣ್ಣೆಯನ್ನು ಎಳೆಯುತ್ತೆ. ತಿರುಗುವ ಹನಿ ಎಲ್ಲಿಯವರೆಗೆ ಸ್ಥಿರ ಎಂಬ ಲೆಕ್ಕವನ್ನು ಎಸ್. ಚಂದ್ರಶೇಖರ್ ವಿವರವಾಗಿ ಬಿಡಿಸಿದ್ದು 1965ರಲ್ಲಿ.

ಎಣ್ಣೆ ಹನಿಯ ಫಲಿತಾಂಶ ಪ್ರಕಟವಾದ 1843ರ ಆಸುಪಾಸಿನಲ್ಲೇ ಪ್ಲಾಟೋ ಕಣ್ಣು ಪೂರ್ತಿ ಹೋಯಿತು. ಯೌವನದಲ್ಲಿ ಪ್ರಯೋಗಕ್ಕಾಗಿ ಸೂರ್ಯನನ್ನೇ ದಿಟ್ಟಿಸಿದ್ದಕ್ಕೆ ಹೀಗಾಯ್ತು ಅನ್ನೋ ಕಥೆ ಇವತ್ತಿಗೂ ಓಡುತ್ತೆ. ಅದಾಗಿದ್ದು 1829ರಲ್ಲಿ, ಕುರುಡಾಗಿದ್ದು ಹದಿನಾಲ್ಕು ವರ್ಷದ ಮೇಲೆ. ಕಣ್ಣೊಳಗಿನ ಉರಿಯೂತದ ಕಾಯಿಲೆ ಇದ್ದಿರಬೇಕು ಎಂಬುದು ಈಗಿನ ವೈದ್ಯರ ಊಹೆ. ನಮಗೆ ವಿಜ್ಞಾನಿ ಹುತಾತ್ಮನಾಗಿದ್ರೆ ಇಷ್ಟ. ಅದಕ್ಕಿಂತ ನನಗೆ ದೊಡ್ಡದು ಅನ್ನಿಸೋದು ಮುಂದಿನ 40 ವರ್ಷ. ಸಾಬೂನಿನ ಪೊರೆಗಳ ಮೇಲೆ ಪ್ರಯೋಗ ಮುಂದುವರಿಯಿತು. ಏನು ಮಾಡಬೇಕು ಅಂತ ಅವರು ಹೇಳೋರು. ಮಗ ಫೆಲಿಕ್ಸ್, ಅಳಿಯ ವಾನ್ ಡೆರ್ ಮೆನ್ಸ್‌ಬ್ರುಗ್ಗೆ, ಇನ್ನೂ ಕೆಲವರು ಮಾಡಿ, ನೋಡಿ, ಕಂಡದ್ದನ್ನು ಹೇಳೋರು. ಭದ್ರಾವತಿ ಉಕ್ಕಿನ ಕಾರ್ಖಾನೆ ಅಂದ್ರೆ ವಿಶ್ವೇಶ್ವರಯ್ಯ ಅಂತೀವಿ, ಸರಿಯೇ. 2023ರಲ್ಲಿ ಅದನ್ನು ಮುಚ್ಚೋ ಮಾತು ಬಂದಾಗ ಬೀದಿಗಿಳಿದ ಗುತ್ತಿಗೆ ಕಾರ್ಮಿಕರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು?

ಪ್ಲಾಟೋ ತಮ್ಮ ಕೆಲಸವನ್ನೆಲ್ಲ 1873ರಲ್ಲಿ ಎರಡು ಸಂಪುಟಗಳಲ್ಲಿ ತಂದರು. ತೀರಿಕೊಂಡಿದ್ದು 1883ರಲ್ಲಿ. ಮೂರು ಪೊರೆಗಳು ಯಾವಾಗಲೂ 120 ಡಿಗ್ರಿಯಲ್ಲೇ ಸೇರುತ್ತವೆ ಎಂಬ ನಿಯಮಕ್ಕೆ ಇವತ್ತಿಗೂ ಅವರದೇ ಹೆಸರು. ಅದನ್ನು ಗಣಿತದಲ್ಲಿ ಸಾಧಿಸಿ ತೋರಿಸಿದ್ದು ಜೀನ್ ಟೇಲರ್ ಎಂಬ ಮಹಿಳೆ, 1976ರಲ್ಲಿ.