ಚಕ್ರಕ್ಕೆ ಗಾಳಿ ತುಂಬಿದ ದನದ ಡಾಕ್ಟರ್

ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ವರು ಆರಿಸಿಕೊಂಡಿದ್ದು ಸೈಕಲ್ ಚಕ್ರ. ಸ್ಪೋಕ್‌ಗಳು ಕಾಣದಂತೆ ಎರಡೂ ಬದಿಗೆ ತೆಳು ಹಾಳೆ ಮುಚ್ಚಿದರೆ ಚಕ್ರ ಗಾಳಿಯನ್ನು ಸಲೀಸಾಗಿ ಸೀಳಿಕೊಂಡು ಹೋಗುತ್ತದೆ, ವೇಗ ಹೆಚ್ಚುತ್ತದೆ ಎಂಬುದು ನಮ್ಮ ಮಹಾ ಐಡಿಯಾ. ರಾತ್ರಿಯೆಲ್ಲ ಕೂತು ಡ್ರಾಯಿಂಗ್ ಮಾಡಿದೆವು. ಬೆಳಿಗ್ಗೆ ಹುಡುಕಿ ನೋಡಿದರೆ, ಇಟಲಿಯ ಫ್ರಾನ್ಚೆಸ್ಕೊ ಮೊಸೆರ್ 1984ರಲ್ಲೇ ಮೆಕ್ಸಿಕೊ ಸಿಟಿಯಲ್ಲಿ ಅಂಥದ್ದೇ ತಟ್ಟೆ ಚಕ್ರಗಳ ಸೈಕಲ್ ಏರಿ, ಒಂದು ಗಂಟೆಯಲ್ಲಿ 51.151 ಕಿ.ಮೀ. ಓಡಿಸಿ ದಾಖಲೆ ಮಾಡಿದ್ದರು. ನಾವು ಹುಟ್ಟುವುದಕ್ಕೂ ಎಷ್ಟೋ ಮೊದಲು! ಪ್ರಾಜೆಕ್ಟನ್ನೇ ಬಿಟ್ಟುಬಿಡೋಣ ಅನ್ನಿಸಿತು. ಆ ಬೇಸರದಲ್ಲಿದ್ದಾಗಲೇ ಜಾನ್ ಬಾಯ್ಡ್ ಡನ್‌ಲಪ್ ಅವರ ಬದುಕಿನ ಬಗ್ಗೆ ಓದಿದ್ದು.

ಟೈರಿನ ಮೇಲೆ ಈ ಹೆಸರು ನೋಡಿದವರು ಅವರನ್ನು ದೊಡ್ಡ ಎಂಜಿನಿಯರ್ ಎಂದುಕೊಳ್ಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಅವರು ಪಶುವೈದ್ಯರು. 1840ರಲ್ಲಿ ಸ್ಕಾಟ್ಲೆಂಡಿನ ಡ್ರೆಗಾರ್ನ್ ಎಂಬಲ್ಲಿ ರೈತರ ಮನೆಯಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ಪಶುವೈದ್ಯಕೀಯ ಓದಿ, ಆಮೇಲೆ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ನೆಲೆಸಿದರು. ಕುದುರೆ, ದನಗಳ ಚಿಕಿತ್ಸೆಯಲ್ಲೇ ಒಳ್ಳೆಯ ಹೆಸರು ಮಾಡಿದ್ದರು.

1887ರಲ್ಲಿ ಅವರ ಪುಟ್ಟ ಮಗನ ಬಳಿ ಒಂದು ಮೂರು ಚಕ್ರದ ಸೈಕಲ್ ಇತ್ತು. ಆಗಿನ ಟೈರು ಎಂದರೆ ಬರೀ ಗಟ್ಟಿ ರಬ್ಬರ್. ಕಲ್ಲು ಹಾಸಿದ ಬೀದಿಯಲ್ಲಿ ಹುಡುಗನ ಮೈಯೆಲ್ಲ ಕುಲುಕಿಹೋಗುತ್ತಿತ್ತು. ಅಪ್ಪ ಸುಮ್ಮನಿರಲಿಲ್ಲ. ತೆಳು ರಬ್ಬರ್ ಹಾಳೆಯಿಂದ ಕೊಳವೆ ಮಾಡಿ, ಮರದ ತಟ್ಟೆಯೊಂದರ ಅಂಚಿಗೆ ಸುತ್ತಿ, ಮೇಲೆ ಬಟ್ಟೆ ಬಿಗಿದು, ಫುಟ್‌ಬಾಲ್ ಪಂಪಿನಿಂದ ಗಾಳಿ ತುಂಬಿದರು. ಅಂಗಳದಲ್ಲಿ ಮೊದಲು ಹಳೆಯ ಚಕ್ರವನ್ನು ಉರುಳಿಸಿದರು. ಅದು ಸ್ವಲ್ಪ ದೂರ ಹೋಗಿ ಬಿತ್ತು. ಆಮೇಲೆ ತಮ್ಮದನ್ನು ಉರುಳಿಸಿದರು. ಅದು ಅಂಗಳವನ್ನೆಲ್ಲ ದಾಟಿ ಗೇಟಿನ ಕಂಬಕ್ಕೆ ಬಡಿದು ವಾಪಸ್ ಪುಟಿಯಿತು!

ಕಾರಣ ಸರಳ. ಗಟ್ಟಿ ಚಕ್ರದ ಕೆಳಗೆ ಕಲ್ಲು ಸಿಕ್ಕರೆ ಇಡೀ ಸೈಕಲ್, ಸವಾರನ ಸಮೇತ ಮೇಲೆದ್ದು ಬೀಳಬೇಕು. ಮುಂದೆ ಹೋಗಬೇಕಾದ ಶಕ್ತಿ ಅದಕ್ಕೇ ಖರ್ಚಾಗುತ್ತದೆ. ಗಾಳಿ ತುಂಬಿದ ಟೈರು ಆ ಕಲ್ಲನ್ನು ತನ್ನೊಳಗೇ ಒತ್ತಿಕೊಂಡು ಮುಂದೆ ಹೋಗುತ್ತದೆ. ಕಬ್ಬು ಹೇರುವ ಟೈರ್ ಗಾಡಿಯನ್ನು ಎತ್ತುಗಳು ಹಗುರವಾಗಿ ಎಳೆಯುವುದು ಇದಕ್ಕೇ. ಕಬ್ಬಿಣದ ಪಟ್ಟಿಯ ಗಾಡಿ ಹೊಡೆದ ನಮ್ಮಜ್ಜನಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಇರಲಿಲ್ಲ.

1888ರಲ್ಲಿ ಡನ್‌ಲಪ್‌ಗೆ ಪೇಟೆಂಟ್ ಸಿಕ್ಕಿತು. 1889ರ ಮೇ 18ರಂದು ಬೆಲ್‌ಫಾಸ್ಟ್‌ನ ಕ್ವೀನ್ಸ್ ಕಾಲೇಜ್ ಮೈದಾನದಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರ ಈ ದಪ್ಪ ಟೈರುಗಳ ಸೈಕಲ್ ಏರಿ ರೇಸ್‌ಗಳನ್ನು ಗೆದ್ದುಬಿಟ್ಟ. ಸೋತವರಲ್ಲಿ ಹಾರ್ವಿ ಡು ಕ್ರೋ ಎಂಬ ಉದ್ಯಮಿಯ ಮಕ್ಕಳೂ ಇದ್ದರು. ಮಕ್ಕಳ ಸೋಲು ಕಂಡ ಆತ ಡನ್‌ಲಪ್ ಜೊತೆ ಕೈಜೋಡಿಸಿ ಕಂಪನಿ ಕಟ್ಟಿದರು.

ಅಷ್ಟರಲ್ಲಿ ಸಿಡಿಲು ಬಡಿಯಿತು. ಗಾಳಿ ಟೈರಿಗೆ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟಿಷ್ ವ್ಯಕ್ತಿ 1845ರಲ್ಲೇ ಪೇಟೆಂಟ್ ಪಡೆದಿದ್ದರು! ಡನ್‌ಲಪ್ ಆಗಿನ್ನೂ ಐದು ವರ್ಷದ ಮಗು. ಥಾಮ್ಸನ್ ಚಕ್ರಗಳು ಕುದುರೆ ಗಾಡಿಗೆ. ರಬ್ಬರ್ ದುಬಾರಿ, ಸೈಕಲ್ ಇನ್ನೂ ಬಂದಿರಲಿಲ್ಲ. ಹಾಗಾಗಿ ಜನ ಮರೆತೇಬಿಟ್ಟಿದ್ದರು. 1890ರಲ್ಲಿ ಡನ್‌ಲಪ್ ಪೇಟೆಂಟ್ ಊರ್ಜಿತವಲ್ಲ ಎಂದಾಯಿತು.

ಅವರ ಜಾಗದಲ್ಲಿ ನಾನಿದ್ದಿದ್ದರೆ ಎಲ್ಲ ಮುಗಿಯಿತು ಅಂದುಕೊಳ್ಳುತ್ತಿದ್ದೆ. ಕಂಪನಿ ಹಾಗೆ ಅಂದುಕೊಳ್ಳಲಿಲ್ಲ. ಟೈರನ್ನು ರಿಮ್‌ಗೆ ಸುಲಭವಾಗಿ ಹಾಕಿ ತೆಗೆಯುವ ಬೇರೆಯವರ ಪೇಟೆಂಟ್‌ಗಳನ್ನು ಕೊಂಡು ಉಳಿದುಕೊಂಡಿತು. ಡನ್‌ಲಪ್ ಮಾತ್ರ ಕೆಲವೇ ವರ್ಷಗಳಲ್ಲಿ ಕಂಪನಿಯಿಂದ ಹೊರಬಂದರು. ಅದೇ ಕಂಪನಿ 1896ರಲ್ಲಿ 30 ಲಕ್ಷ ಪೌಂಡ್‌ಗೆ ಮಾರಾಟವಾಯಿತು. ಆ ಸಂಪತ್ತು ಅವರಿಗೆ ದಕ್ಕಲಿಲ್ಲ. 1921ರಲ್ಲಿ ಡಬ್ಲಿನ್‌ನಲ್ಲಿ ತೀರಿಕೊಂಡಾಗ ಅವರಿಗೆ 81 ವರ್ಷ.

ಇಷ್ಟು ಓದಿದ ಮೇಲೆ ನಾವು ಪ್ರಾಜೆಕ್ಟ್ ಬಿಡಲಿಲ್ಲ, ಪ್ರಶ್ನೆ ಬದಲಿಸಿದೆವು: ಮೊಸೆರ್‌ಗೆ ಬೇಕಾದ ಚಕ್ರ ಟ್ಯೂಷನ್‌ಗೆ ಹೋಗುವ ಹುಡುಗನಿಗೂ ಬೇಕೇ? ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು. ಚಕ್ರದ ಮೇಲಂಚು ಸೈಕಲ್‌ಗಿಂತ ಎರಡರಷ್ಟು ವೇಗದಲ್ಲಿ ಮುಂದೆ ಓಡುತ್ತಿರುತ್ತದೆ, ಹಾಗಾಗಿ ರೇಸಿನಲ್ಲಿ ಒಂದೊಂದು ಸ್ಪೋಕ್ ಕೂಡ ಲೆಕ್ಕಕ್ಕೆ ಬರುತ್ತದೆ. ಆದರೆ ನಮ್ಮ ಬೀದಿಯ ಗಂಟೆಗೆ 15 ಕಿ.ಮೀ. ವೇಗದಲ್ಲಿ ಟೈರು ನೆಲಕ್ಕೆ ಕೊಡುವ ತಡೆಯೂ ಹೆಚ್ಚೂಕಡಿಮೆ ಗಾಳಿಯ ತಡೆಯಷ್ಟೇ ಇರುತ್ತದೆ.

ಕಾಲೇಜಿನ ಇಳಿಜಾರಿನಲ್ಲಿ ಪೆಡಲ್ ತುಳಿಯದೆ ಸೈಕಲ್ ಬಿಟ್ಟು ನೋಡಿದೆವು. ಹಾಳೆ ಮುಚ್ಚಿದ ಚಕ್ರಕ್ಕೂ ಮುಚ್ಚದ ಚಕ್ರಕ್ಕೂ ವ್ಯತ್ಯಾಸ ಕಾಣಲಿಲ್ಲ. ಟೈರಿನ ಗಾಳಿ ಇಳಿಸಿದಾಗ ಮಾತ್ರ ಸೈಕಲ್ ಬಹಳ ಮೊದಲೇ ನಿಂತಿತು. ನೂರಮೂವತ್ತು ವರ್ಷಕ್ಕೂ ಹಿಂದೆ ಒಬ್ಬ ಅಪ್ಪ ಅಂಗಳದಲ್ಲಿ ನೋಡಿದ್ದನ್ನೇ ನಾವೂ ನೋಡಿದೆವು. ಹೊಸದೇನೂ ಅಲ್ಲ, ನಿಜ. ಆದರೂ ಆ ಸಂಜೆ ನಾಲ್ವರೂ ಖುಷಿಯಾಗಿದ್ದೆವು. ಪಂಪಿಗಾಗಿ ಸೈಕಲ್ ಅಂಗಡಿಗೆ ಕೊಟ್ಟಿದ್ದು ಹತ್ತು ರೂಪಾಯಿ.